ಬುಟ್ಟಿಗಳ ಜೊತೆ ಹಲವು ವರ್ಷ: ಯಾವುದು ಉಳಿಯಿತು, ಯಾವುದು ಹೋಯಿತು

ಬುಟ್ಟಿ ಕಂಡರೆ ನನ್ನ ಕೈ ಸುಮ್ನಿರುವುದಿಲ್ಲ. ಎತ್ತಿ ನೋಡಬೇಕು, ತಳ ತಿರುಗಿಸಿ ನೋಡಬೇಕು, ಕೊನೆಗೆ ಮನೆಗೆ ತರಲೇಬೇಕು. ಬೆತ್ತ, ಬಿದಿರು, ವಿಲ್ಲೋ (ಒಂದು ಮರದ ಬಳುಕುವ ಕಡ್ಡಿ), ಸೀಗ್ರಾಸ್ (ಒಂದು ಬಗೆಯ ನೀರಹುಲ್ಲು), ಸೆಣಬು, ಹತ್ತಿ ಹಗ್ಗ, ತಂತಿ, ಪ್ಲಾಸ್ಟಿಕ್ ಹೀಗೆ ಎಲ್ಲ ಜಾತಿಯವೂ ಈ ಮನೆಯಲ್ಲಿ ವರ್ಷಗಟ್ಟಲೆ ದುಡಿದಿವೆ. ಮನೆ ಸಾಮಾನು ಇಡಲು ಬುಟ್ಟಿ ಒಳ್ಳೆಯದಾ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ. ದಿನಾ ಕೈ ಹಾಕುವ ಸಾಮಾನಿಗೆ ಬುಟ್ಟಿಯಷ್ಟು ಅನುಕೂಲ ಬೇರೊಂದಿಲ್ಲ. ವರ್ಷಕ್ಕೊಮ್ಮೆ ತೆಗೆಯುವ ಸಾಮಾನಿಗೆ ಬುಟ್ಟಿ ಬೇಡವೇ ಬೇಡ. ಇನ್ನೊಂದು ಮಾತು: ಕಣ್ಣಿಗೆ ಚೆಂದ ಕಾಣುವ ಬುಟ್ಟಿಯೇ ಕೆಲಸಕ್ಕೂ ಬರುವುದು ಅಪರೂಪ.

ಮೊದಲು ಬೆತ್ತ. ಬಾಳಿಕೆಯಲ್ಲಿ ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ. ಬೆತ್ತ ಅಂದರೆ ಮರ ಹತ್ತಿ ಬೆಳೆಯುವ, ತಾಳೆ ಜಾತಿಗೆ ಸೇರಿದ ಮುಳ್ಳುಬಳ್ಳಿ. ಬಿದಿರಿನ ಹಾಗೆ ಟೊಳ್ಳಲ್ಲ, ಒಳಗೂ ಗಟ್ಟಿ. ಒಗೆಯುವ ಬಟ್ಟೆ ಹಾಕುವ ನಮ್ಮ ದೊಡ್ಡ ಬುಟ್ಟಿ ಬೆತ್ತದ್ದೇ. ಅದನ್ನು ತುಂಬಿಸಿ ನೆಲದ ಮೇಲೆ ಎಳೆದಾಡಿದ್ದೇವೆ, ಮಕ್ಕಳು ಒಳಗೆ ಕೂತು ಆಡಿದ್ದಾರೆ. ಆಕಾರ ಇನ್ನೂ ಕೆಟ್ಟಿಲ್ಲ. ತೊಂದರೆ ಬಂದಿದ್ದು ಅಂಚಿನಲ್ಲಿ ಮಾತ್ರ. ಅಂಚಿಗೆ ಸುತ್ತುವ ತೆಳು ಪಟ್ಟಿಯ ತುದಿಯನ್ನು ಒಂದು ಸಣ್ಣ ಮೊಳೆ ಹೊಡೆದು ನಿಲ್ಲಿಸಿರುತ್ತಾರೆ. ಆ ಮೊಳೆ ಸಡಿಲವಾದರೆ ಪಟ್ಟಿ ಒಂದು ಸುತ್ತು ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಬಟ್ಟೆಯ ನೂಲು ಸಿಕ್ಕಿಕೊಂಡು ಇನ್ನೊಂದು ಸುತ್ತು. ನೋಡನೋಡುತ್ತಾ ಅರ್ಧ ಅಂಚು ಬೋಳು. ರಿಪೇರಿ ಕಷ್ಟವೇನಲ್ಲ. ಪಟ್ಟಿಯ ಹೊಳೆಯುವ ಮೈ ನೀರು ಹೀರುವುದಿಲ್ಲ, ಒಳಮೈಗೆ ಒದ್ದೆ ಬಟ್ಟೆ ತಾಗಿಸಿ ಅರ್ಧ ಗಂಟೆ ಬಿಡಬೇಕು. ಮೆತ್ತಗಾದ ಮೇಲೆ ಬಿಗಿಯಾಗಿ ಸುತ್ತಿ, ತುದಿಗೆ ಮರದ ಅಂಟು ಹಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಒಂದು ರಾತ್ರಿ ಬಿಟ್ಟರೆ ಆಯಿತು. ಒಣಗುವಾಗ ಪಟ್ಟಿ ತಾನೇ ಬಿಗಿದುಕೊಳ್ಳುತ್ತದೆ.

ಬಿದಿರಿನ ಬುಟ್ಟಿ ಹಗುರ, ಚೆಂದ, ಗಾಳಿ ಆಡುತ್ತದೆ. ಆದರೆ ಎಲ್ಲ ಬಿದಿರೂ ಒಂದೇ ಅಲ್ಲ. ಸೀಳಿದ ಬಿದಿರಿನ ಹೊರಪದರ ಗಟ್ಟಿ, ನುಣುಪು. ಒಳಪದರ ಮೆದು, ಅದರಲ್ಲಿ ಪಿಷ್ಟ ಜಾಸ್ತಿ. ಹೊರಪದರದ ಸೀಳಿನಿಂದ ಹೆಣೆದ ಬುಟ್ಟಿ ಬಾಳುತ್ತದೆ, ಒಳಪದರದ್ದು ಬೇಗ ಹೋಗುತ್ತದೆ. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ, ಗೀರು ಬಿದ್ದರೆ ಒಳಪದರ.

ಆ ಪಿಷ್ಟವೇ ಕುಟ್ಟೆ ಹುಳಕ್ಕೆ ಊಟ. ಬಿದಿರಿನ ಬುಟ್ಟಿ ಇಟ್ಟುಕೊಳ್ಳುವವರು ಇದನ್ನು ತಿಳಿದಿರಲೇಬೇಕು. ಹುಳ ಕಣ್ಣಿಗೆ ಬೀಳುವುದಿಲ್ಲ, ಮೊದಲು ಕಾಣುವುದು ಪುಡಿ. ಬುಟ್ಟಿ ಎತ್ತಿದಾಗ ಶೆಲ್ಫಿನ ಮೇಲೆ ಹಿಟ್ಟಿನಷ್ಟು ನಯವಾದ, ಹಳದಿ ಮಿಶ್ರಿತ ಬಿಳಿ ಪುಡಿ ಒಂದು ಚಿಟಿಕೆ ಬಿದ್ದಿರುತ್ತದೆ. ಧೂಳು ಅಂದುಕೊಂಡು ಒರೆಸುತ್ತೇವೆ. ನಾಲ್ಕು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಿದ್ದಿದ್ದರೆ ಅದು ಧೂಳಲ್ಲ. ಬುಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ 1ರಿಂದ 2 ಮಿಲಿಮೀಟರ್ ಅಗಲದ ದುಂಡನೆ ತೂತುಗಳು ಕಾಣುತ್ತವೆ. ಪಕ್ಕದಲ್ಲಿರುವ ಬೇರೆ ಬುಟ್ಟಿಗೂ ಹರಡಬಹುದು, ಹಾಗಾಗಿ ತಕ್ಷಣ ಬೇರ್ಪಡಿಸಬೇಕು. ಮ್ಯೂಸಿಯಂಗಳಲ್ಲಿ ಹುಳ ಬಿದ್ದ ವಸ್ತುವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ, ಒಂದೆರಡು ವಾರ ಇಡುವ ಪದ್ಧತಿ ಇದೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿ ಇರುತ್ತದೆ. ಚಿಕ್ಕ ಬುಟ್ಟಿಗಳನ್ನು ನಾನು ಅದರಲ್ಲೇ, ಇನ್ನೂ ಸ್ವಲ್ಪ ಜಾಸ್ತಿ ದಿನ ಇಡುತ್ತೇನೆ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಕವರ್ ಬಿಚ್ಚಬಾರದು, ಇಲ್ಲದಿದ್ದರೆ ತಣ್ಣನೆ ಬಿದಿರಿನ ಮೇಲೆ ನೀರಹನಿ ಕೂರುತ್ತದೆ. ಫ್ರೀಜರಿಗೆ ಹಿಡಿಸದ ದೊಡ್ಡ ಬುಟ್ಟಿಗೆ ಹುಳ ಬಿದ್ದರೆ ನಾನು ಮನಸ್ಸು ಗಟ್ಟಿ ಮಾಡಿ ಹೊರಗೆ ಹಾಕುತ್ತೇನೆ. ಒಂದು ಬುಟ್ಟಿಯ ಆಸೆಗೆ ಉಳಿದವನ್ನೆಲ್ಲ ಕಳೆದುಕೊಳ್ಳುವುದು ಯಾರಿಗೆ ಬೇಕು?

ವಿಲ್ಲೋ ಬುಟ್ಟಿಯ ರೂಪಕ್ಕೆ ಪೂರ್ತಿ ಅಂಕ. ಆದರೆ ಒಣಗಾಳಿಯಲ್ಲಿ ಕಡ್ಡಿ ಮುರಿಯುತ್ತದೆ, ಮುರಿದ ತುದಿ ಉಣ್ಣೆ ಬಟ್ಟೆಯನ್ನು ಹಿಡಿದೆಳೆಯುತ್ತದೆ. ಒಳಗೆ ಬಟ್ಟೆಯ ಲೈನಿಂಗ್ ಇರುವುದನ್ನೇ ತೆಗೆದುಕೊಳ್ಳಿ. ಲೈನಿಂಗ್ ಬಿಚ್ಚಿ ಒಗೆಯುವ ಹಾಗಿರಬೇಕು, ಅಂಟಿಸಿದ್ದಾದರೆ ಬೇಡ. ಎತ್ತಿದಾಗ ಬುಟ್ಟಿ ಕಿರ್ರ್ ಅಂದರೆ ತುಂಬಾ ಒಣಗಿದೆ ಅಂತ ಅರ್ಥ. ಆಗೊಮ್ಮೆ ಈಗೊಮ್ಮೆ ನೀರು ಚಿಮುಕಿಸಿ, ನೆರಳಲ್ಲಿ ಒಣಗಿಸಿದರೆ ಸಾಕು.

ಸೀಗ್ರಾಸ್, ಸೆಣಬು, ವಾಟರ್ ಹಯಸಿಂತ್ (ಕೆರೆಯಲ್ಲಿ ತೇಲುವ ಕಳೆಗಿಡ) ಇವು ಮೂರನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ. ಮೃದು, ಶೆಲ್ಫಿಗೆ ಗೀರು ಬೀಳುವುದಿಲ್ಲ, ಮಲಗುವ ಕೋಣೆಗೆ ಚೆನ್ನಾಗಿ ಒಪ್ಪುತ್ತವೆ. ತೇವ ಮಾತ್ರ ಆಗುವುದಿಲ್ಲ. ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುವ ಸಾಧ್ಯತೆ ಹೆಚ್ಚು. ಬಚ್ಚಲುಮನೆಯಲ್ಲಿ ಟವೆಲ್ ಇಡಲು ಅಂತಲೇ ಇವನ್ನು ಮಾರುತ್ತಾರೆ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಲ್ಲಿಗೆ ಪ್ಲಾಸ್ಟಿಕ್ಕೇ ಸರಿ. ನಾರಿನ ಬುಟ್ಟಿಗೆ ತೇವ ತಾಗದಿದ್ದರೆ ಅದು ಎಷ್ಟು ಕಾಲ ಉಳಿಯುತ್ತದೆ ಗೊತ್ತಾ? ಮೃತ ಸಮುದ್ರದ ಪಕ್ಕದ ಜುದಾಯಿ ಮರುಭೂಮಿಯ ಗುಹೆಯೊಂದರಲ್ಲಿ ಸಿಕ್ಕಿದ ಬುಟ್ಟಿಯ ಸುದ್ದಿ 2021ರಲ್ಲಿ ಹೊರಬಂತು. ವಯಸ್ಸು ಸುಮಾರು 10,500 ವರ್ಷ. ಒಣಗಾಳಿಯಲ್ಲಿ ಇದ್ದುದರಿಂದ ಮುಚ್ಚಳದ ಸಮೇತ ಇಡಿಯಾಗಿ ಉಳಿದಿತ್ತು. 90 ಲೀಟರಿಗಿಂತ ಹೆಚ್ಚು ಹಿಡಿಸುವಷ್ಟು ದೊಡ್ಡದು. ಒಳಗೆ ಸ್ವಲ್ಪ ಮಣ್ಣು ಬಿಟ್ಟರೆ ಖಾಲಿ. ಏನು ಇಟ್ಟಿದ್ದರೋ ತಿಳಿಯದು.

ಮುಚ್ಚಳವಿರುವ ದೊಡ್ಡ ಬುಟ್ಟಿಯ ಕಥೆ ಯಾವಾಗಲೂ ಹೀಗೇ. ಒಳಗೇನಿದೆ ಅಂತ ಇಟ್ಟವರಿಗೂ ನೆನಪಿರುವುದಿಲ್ಲ. ಮೊದಲ ವಾರ ಹೊದಿಕೆ ಇಡುತ್ತೀರಿ. ಆಮೇಲೆ ಅದರ ಮೇಲೆ ಚಾರ್ಜರ್, ಅದರ ಮೇಲೆ ಯಾವುದೋ ಹಳೇ ಬಿಲ್ಲು, ಜೋಡಿಯಿಲ್ಲದ ಕಾಲುಚೀಲ. ಮುಚ್ಚಳ ಹಾಕಿದರೆ ಕೋಣೆ ಅಚ್ಚುಕಟ್ಟಾಗಿ ಕಾಣುತ್ತದೆ, ಆದ್ದರಿಂದ ತೆಗೆದು ವಿಂಗಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಈಗ ಮುಚ್ಚಳದ ಬುಟ್ಟಿಗಳಿಗೆಲ್ಲ ಮುಚ್ಚಳ ತೆಗೆದಾಗಿದೆ. ಆಳವೂ ಮುಖ್ಯ. ಬೆರಳ ತುದಿ ತಳಕ್ಕೆ ತಾಗಿದಾಗ ಅಂಚು ಮೊಣಕೈಗಿಂತ ಕೆಳಗೇ ಇರಬೇಕು. ಅದಕ್ಕಿಂತ ಆಳವಾದರೆ ಕೆಳಗಿನ ಸಾಮಾನು ಕೆಳಗೇ ಕೊಳೆಯುತ್ತದೆ. ಒಗೆಯುವ ಬಟ್ಟೆ ಮಾತ್ರ ಇದಕ್ಕೆ ಹೊರತು, ಅದನ್ನು ಹೇಗೂ ಪೂರ್ತಿ ಸುರಿಯುತ್ತೇವೆ.

ಇನ್ನು ಆಕಾರ. ದುಂಡನೆ ಬುಟ್ಟಿ ಶೆಲ್ಫಿನ ಶತ್ರು. ಲೆಕ್ಕ ಹಾಕಿ ನೋಡಿ: 30 ಸೆಂಟಿಮೀಟರ್ ಚೌಕದಲ್ಲಿ ಅಷ್ಟೇ ಅಗಲದ ದುಂಡು ಬುಟ್ಟಿ ಇಟ್ಟರೆ ಮೂಲೆಗಳಲ್ಲೇ ಶೇ 21ರಷ್ಟು ಜಾಗ ವ್ಯರ್ಥ. ಬುಟ್ಟಿ ಕೆಳಗೆ ಕಿರಿದಾಗುತ್ತಾ ಹೋದರೆ ಇನ್ನೂ ಕಷ್ಟ. ಮೇಲೆ 30, ತಳದಲ್ಲಿ 24, ಎತ್ತರ 20 ಸೆಂಟಿಮೀಟರ್ ಇರುವ ದುಂಡು ಬುಟ್ಟಿಗೆ ಹಿಡಿಸುವುದು ಸುಮಾರು 11.5 ಲೀಟರ್. ಅದೇ ಜಾಗದಲ್ಲಿ ನೇರ ಗೋಡೆಯ ಚೌಕ ಬುಟ್ಟಿ ಇಟ್ಟರೆ 18 ಲೀಟರ್. ಹೆಣಿಗೆಯ ದಪ್ಪ ಕಳೆದರೂ ವ್ಯತ್ಯಾಸ ದೊಡ್ಡದೇ. ಆದರೆ ಕೆಳಗೆ ಕಿರಿದಾಗುವ ಬುಟ್ಟಿಗಳನ್ನು ಖಾಲಿ ಇದ್ದಾಗ ಒಂದರೊಳಗೆ ಒಂದು ಇಡಬಹುದು. ಚೌಕದವಕ್ಕೆ ಆ ಸೌಲಭ್ಯ ಇಲ್ಲ. ನನ್ನಂಥ ಸಂಗ್ರಹದ ಹುಚ್ಚಿನವರಿಗೆ ಇದು ಸಣ್ಣ ವಿಷಯವಲ್ಲ, ಬುಟ್ಟಿ ಇಡಲಿಕ್ಕೇ ಒಂದು ಕಪಾಟು ಬೇಕಾಗುತ್ತದೆ! ಈಗ ನನ್ನ ಕ್ರಮ ಸರಳ. ಶೆಲ್ಫಿಗೆ ಚೌಕ ಅಥವಾ ಆಯತ, ನೆಲಕ್ಕೆ ದುಂಡು. ಬುಟ್ಟಿಗೂ ಮೇಲಿನ ಹಲಗೆಗೂ ನಡುವೆ ಅಂಗೈ ಹೋಗುವಷ್ಟು ಸಂದಿ ಬಿಟ್ಟರೆ ಸಣ್ಣ ಸಾಮಾನಿಗೆ ಬುಟ್ಟಿ ಎಳೆಯದೇ ಕೈ ಹಾಕಬಹುದು.

ಕೊಳ್ಳುವಾಗ ನಾನು ಮೊದಲು ತಳ ನೋಡುತ್ತೇನೆ. ತಳ ಸ್ವಲ್ಪ ಒಳಕ್ಕೆ ಉಬ್ಬಿದ್ದರೆ ಒಳ್ಳೆಯ ಕೈಕೆಲಸ. ಬುಟ್ಟಿ ಅಂಚಿನ ಮೇಲೆ ನಿಲ್ಲುತ್ತದೆ, ಅಲುಗಾಡುವುದಿಲ್ಲ, ಅಡಿಗೆ ಗಾಳಿಯೂ ಹೋಗುತ್ತದೆ. ಆಮೇಲೆ ಹಿಡಿ. ಹಿಡಿಯ ಬೆತ್ತ ಬುಟ್ಟಿಯ ಗೋಡೆಯೊಳಗೆ ಕೆಳಗಿನವರೆಗೂ ಇಳಿದಿರಬೇಕು. ಬರೀ ಅಂಚಿಗೆ ಸ್ಟೇಪಲ್ ಹೊಡೆದ ಹಿಡಿ ಅಲಂಕಾರಕ್ಕೆ ಮಾತ್ರ. 500 ಹಾಳೆಯ ಎ4 ಕಾಗದದ ಒಂದು ಕಟ್ಟೇ ಸುಮಾರು 2.5 ಕೆಜಿ ತೂಗುತ್ತದೆ, ಹಾಗಿರುವಾಗ ಪುಸ್ತಕ ತುಂಬಿದ ಬುಟ್ಟಿಯನ್ನು ಅಂಥ ಹಿಡಿಯಲ್ಲಿ ಎತ್ತಲಿಕ್ಕಾಗುತ್ತದಾ? ಸುಮ್ನೆ ಕುತೂಹಲಕ್ಕೆ ನಾನು ನೆಟ್ಟನೆ ನಿಂತ ಕಡ್ಡಿಗಳನ್ನೂ ಎಣಿಸುತ್ತೇನೆ. ಒಂದೇ ಎಳೆಯನ್ನು ಒಮ್ಮೆ ಮುಂದೆ ಒಮ್ಮೆ ಹಿಂದೆ ಹಾಯಿಸಿ ಸುತ್ತುತ್ತಾ ಹೆಣೆಯುವುದಾದರೆ ಕಡ್ಡಿಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಸಮ ಸಂಖ್ಯೆಯಾದರೆ ಪ್ರತಿ ಸುತ್ತಿನಲ್ಲೂ ಎಳೆ ಅದೇ ಕಡ್ಡಿಯ ಮುಂದೆಯೇ ಬಂದು ಹೆಣಿಗೆ ಕಚ್ಚುವುದೇ ಇಲ್ಲ. ನೇಯುವವರು ಇದನ್ನು ತಪ್ಪಿಸಲು ಎರಡು ಎಳೆ ಬಳಸುವುದೂ ಉಂಟು.

ಹತ್ತಿ ಹಗ್ಗದ ಬುಟ್ಟಿ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ತುಂಬಿದ್ದರೆ ನಿಲ್ಲುತ್ತದೆ, ಖಾಲಿಯಾದರೆ ಕುಸಿಯುತ್ತದೆ. ಮೆತ್ತನೆ ಗೊಂಬೆಗಳಿಗೆ ಓಕೆ. ಚಿಕ್ಕ ಆಟಿಕೆಗಳಿಗೆ ಪ್ಲಾಸ್ಟಿಕ್ಕೇ ಒಳ್ಳೆಯದು, ಯಾಕೆಂದರೆ ಹೆಣಿಗೆಯ ಸಂದಿಯಿಂದ ಚೂರುಗಳು ಉದುರುತ್ತವೆ, ತೊಳೆಯಲೂ ಆಗುವುದಿಲ್ಲ. ಧೂಳಿಗೆ ಹಳೇ ಪೇಂಟ್ ಬ್ರಷ್ ಸಾಕು, ಹೆಣಿಗೆಯ ಉದ್ದಕ್ಕೂ ಆಡಿಸಿ ಬುಟ್ಟಿ ಬೋರಲು ಹಾಕಿ ತಟ್ಟಿ. ಬಿಸಿಲಿನ ಕಿಟಕಿ ಪಕ್ಕ ಮಾತ್ರ ಇಡಬೇಡಿ, ಬಣ್ಣ ಒಂದು ಕಡೆ ಮಾಸುತ್ತದೆ.

ಅಂಕ ಕೊಡುವುದಾದರೆ 5ಕ್ಕೆ ಬೆತ್ತಕ್ಕೆ ನಾಲ್ಕೂವರೆ, ಹೊರಪದರದ ಬಿದಿರಿಗೆ ನಾಲ್ಕು, ವಿಲ್ಲೋಗೆ ಮೂರೂವರೆ, ನಾರಿನವಕ್ಕೆ ಒಣ ಕೋಣೆಯಲ್ಲಿ ಮೂರು. ತಂತಿಯ ಬುಟ್ಟಿಗೆ ನಾಲ್ಕು ಕೊಡುತ್ತೇನೆ. ಚೆಂದದ ವಿಷಯದಲ್ಲಿ ಅದು ಹಿಂದೆ, ನಿಜ. ಆದರೆ ಎಳೆಯದೇ, ಎತ್ತದೇ ಒಳಗೇನಿದೆ ಅಂತ ದೂರದಿಂದಲೇ ಕಾಣುವುದು ಅದೊಂದರಲ್ಲೇ. ಕೇಬಲ್‌ಗಳೆಲ್ಲ ಈಗ ಅದರಲ್ಲೇ ಇವೆ. ಸೆಟ್ ಲೆಕ್ಕದಲ್ಲಿ ಮೂರು ಸೈಜು ಸೇರಿಸಿ ಮಾರುವುದನ್ನು ನಾನು ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ನಡುವಿನ ಸೈಜಿಗೆ ಮಾತ್ರ ಕೆಲಸ ಸಿಗುತ್ತದೆ.