ಆರು ತಿಂಗಳು ಬಳಸಿ ನೋಡಿದ ನಗರದ ಆ್ಯಪ್: 2/5

ನಾನಿರುವ ನಗರದ ಆಡಳಿತದವರು ಕೊಟ್ಟಿರುವ ಆ್ಯಪ್ ಇದು. ಬಸ್ಸಿನ ಸಮಯ, ಪಾರ್ಕಿಂಗ್, ರಸ್ತೆ ಗುಂಡಿ, ಬೀದಿ ದೀಪ, ನೀರಿನ ಬಿಲ್ಲು ಎಲ್ಲ ಒಂದೇ ಕಡೆ. ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. ಅದೂ ಬಿಲ್ ಕಟ್ಟುವ ಭಾಗಕ್ಕೆ, ಅದು ಒಂದು ಸಲವೂ ಕೈಕೊಟ್ಟಿಲ್ಲ.

ಜಾಸ್ತಿ ಬೇಸರ ಆಗಿದ್ದು ದೂರಿನ ಭಾಗದಲ್ಲಿ. ಗುಂಡಿಯ ಫೋಟೋ ತೆಗೆದು, ಮ್ಯಾಪಿನಲ್ಲಿ ಜಾಗ ಗುರುತು ಮಾಡಿ ಕಳಿಸಿದೆ. ನಾಲ್ಕನೇ ದಿನ ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಸಂಜೆ ಅದೇ ದಾರಿಯಲ್ಲಿ ಬಂದರೆ ಗುಂಡಿ ಹಾಗೇ ಇದೆ. ಮುಚ್ಚಿದ ದೂರನ್ನು ಮತ್ತೆ ತೆರೆಯುವ ಬಟನ್ ಇಲ್ಲ, ಹೊಸ ನಂಬರಿನಲ್ಲಿ ಮೊದಲಿಂದ ಶುರು ಮಾಡಬೇಕು. ಆ್ಯಪ್ ಬರೆದವರನ್ನಷ್ಟೇ ಬೈದು ಉಪಯೋಗವಿಲ್ಲ. ದೂರು ಹೋಗಿ ತಲುಪುವ ಕಡೆ ಅದನ್ನು ನೋಡುವವರು, ಡಾಂಬರು ಹಾಕುವವರು, ಕೆಲಸ ಆಯಿತಾ ಅಂತ ಹೋಗಿ ನೋಡಿ ಬರುವವರು ಇರಬೇಕು ಅಲ್ವಾ? ಆ ಏರ್ಪಾಡು ಮಾಡದೆ ಪರದೆ ಮಾತ್ರ ಚೆಂದ ಮಾಡಿದ್ದಾರೆ. ದೂರು ಮುಚ್ಚುವ ಮೊದಲು ಕೊಟ್ಟವರನ್ನೇ ಒಂದು ಮಾತು ಕೇಳಿದರೆ ಅರ್ಧ ತೊಂದರೆ ತಪ್ಪುತ್ತದೆ.

ಬಸ್ಸಿನ ವಿಷಯಕ್ಕೆ ಬಂದರೆ, ‘2 ನಿಮಿಷ’ ಅಂತ ತೋರಿಸಿದ ಬಸ್ಸು ಎಷ್ಟೋ ಸಲ ಬರುವುದೇ ಇಲ್ಲ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಿಗ್ನಲ್ ಗೋಡೆಗೆ ತಾಗಿ ತಿರುಗಿ ಬರುವುದರಿಂದ ಜಾಗ ಸ್ವಲ್ಪ ತಪ್ಪಾಗುವುದು ಸಹಜ, ಅದನ್ನು ಒಪ್ಪುತ್ತೇನೆ. ಆದರೆ ಬಸ್ಸಿನಿಂದ ಮಾಹಿತಿ ಬರದಿದ್ದಾಗ ವೇಳಾಪಟ್ಟಿಯ ಸಮಯವನ್ನೇ ಈಗಿನದು ಅನ್ನುವ ಹಾಗೆ ತೋರಿಸುವುದು ಸರಿಯಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹಾಕಲಿ.

ಪಕ್ಕದ ಮನೆಯ ಅಜ್ಜಿ ಹತ್ತಿರ ಇರುವುದು ಕೀಪ್ಯಾಡ್ ಫೋನ್. ಅವರ ಬಾಗಿಲ ಮುಂದಿನ ದೀಪ ಕೆಟ್ಟರೆ ಈ ಆ್ಯಪಿಗೆ ತಿಳಿಯುವುದೇ ಇಲ್ಲ. ಇದು ಹೊಸ ಪಾಠವೇನಲ್ಲ. 2012ರ ಸುಮಾರಿಗೆ ಅಮೆರಿಕದ ಬಾಸ್ಟನ್‌ನಲ್ಲಿ ಸ್ಟ್ರೀಟ್ ಬಂಪ್ ಅಂತ ಆ್ಯಪ್ ಬಂತು, ಕಾರು ಕುಲುಕಿದ್ದನ್ನು ಫೋನೇ ಗುರುತಿಸಿ ಗುಂಡಿ ಎಲ್ಲಿದೆ ಅಂತ ತಿಳಿಸುತ್ತಿತ್ತು. ಒಳ್ಳೆಯ ಯೋಚನೆ. ಆದರೆ ಬಡವರು, ವಯಸ್ಸಾದವರು ಇರುವ ಕಡೆ ಸ್ಮಾರ್ಟ್‌ಫೋನ್ ಕಮ್ಮಿ, ಹಾಗಾಗಿ ಅಲ್ಲಿನ ಗುಂಡಿಗಳು ಲೆಕ್ಕಕ್ಕೆ ಬರದೆ ಹೋಗುವ ಅಪಾಯ ಇತ್ತು.

ಇನ್ನೊಂದು, ನೀರಿನ ಬಿಲ್ ಕಟ್ಟುವುದಕ್ಕೆ ನನ್ನ ಕಾಂಟ್ಯಾಕ್ಟ್ ಲಿಸ್ಟ್ ಯಾಕೆ ಬೇಕು? ಲೊಕೇಶನ್ ಸದಾ ಆನ್ ಇರಬೇಕು ಅಂತ ಯಾಕೆ ಕೇಳುತ್ತದೆ? ಕೆನಡಾದ ಟೊರೊಂಟೊದಲ್ಲಿ ಗೂಗಲ್‌ನ ಸೋದರ ಕಂಪನಿ ಸೈಡ್‌ವಾಕ್ ಲ್ಯಾಬ್ಸ್ 2017ರಲ್ಲಿ ಸ್ಮಾರ್ಟ್ ಬಡಾವಣೆ (ಸೆನ್ಸರ್‌ಗಳಿಂದ ಮಾಹಿತಿ ಕಲೆಹಾಕಿ ನಡೆಸುವ ಬಡಾವಣೆ) ಕಟ್ಟುತ್ತೇವೆ ಅಂತ ಬಂದು 2020ರಲ್ಲಿ ಕೈಬಿಟ್ಟಿತು. ಕಂಪನಿ ಕೊಟ್ಟ ಕಾರಣ ಆರ್ಥಿಕ ಅನಿಶ್ಚಿತತೆ. ಆದರೆ ಅದಕ್ಕೂ ಮುಂಚಿನಿಂದ ಅಲ್ಲಿನ ಜನ ಕೇಳುತ್ತಿದ್ದದ್ದು, ನಮ್ಮ ಮಾಹಿತಿ ಯಾರ ಕೈಯಲ್ಲಿ ಇರುತ್ತದೆ ಅಂತ. ಇಲ್ಲಿ ಆ ಪ್ರಶ್ನೆಗೆ ಆ್ಯಪಿನಲ್ಲಿ ಎಲ್ಲೂ ಉತ್ತರ ಸಿಗಲಿಲ್ಲ.

ಸದ್ಯ ಲೊಕೇಶನ್ ಆಫ್ ಮಾಡಿ, ಬಿಲ್ ಕಟ್ಟುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ದೂರುಗಳನ್ನು ಫೋನ್ ಮಾಡಿ ಹೇಳುತ್ತೇನೆ, ಅಜ್ಜಿಯದನ್ನೂ ಸೇರಿಸಿ.