ಗಡ್ಡದ ಓತಿಯ ಗೂಡಿಗೆ ಬಿಸಿಲು: ಒಂಟಿ ಬಲ್ಬೋ, ಟ್ಯೂಬು–ಹ್ಯಾಲೊಜನ್ ಜೋಡಿಯೋ?

ನಾವು ಇರುವ ಲೀಡ್ಸ್ ನಗರದಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಬೆಳಿಗ್ಗೆ ಎಂಟು ಗಂಟೆ ದಾಟಿದ ಮೇಲೆ ಮೂಡಿ, ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಪ್ರಾಣಿಯಾದ ಗಡ್ಡದ ಓತಿ, ಅಂದರೆ ಬಿಯರ್ಡೆಡ್ ಡ್ರ್ಯಾಗನ್, ಇಂಥ ಊರಿನಲ್ಲಿ ಬದುಕಬೇಕಾದರೆ ಅದರ ಬಿಸಿಲನ್ನೆಲ್ಲ ಗೋಡೆಯ ಪ್ಲಗ್ಗಿನಿಂದಲೇ ತರಬೇಕಾಗುತ್ತದೆ. ನಮ್ಮಲ್ಲಿರುವ ಗಂಡು ಓತಿಗೆ ಮಗಳು ಗುಂಡ ಎಂದು ಹೆಸರಿಟ್ಟಿದ್ದಾಳೆ. ಅದಕ್ಕೀಗ ನಾಲ್ಕು ವರ್ಷ. ಮೂಗಿನಿಂದ ಬಾಲದ ತುದಿಯವರೆಗೆ 48 ಸೆಂಟಿಮೀಟರ್ ಉದ್ದವಿದೆ. ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಮರದ ವಿವೇರಿಯಂ ಅದರ ಮನೆ. ಇದೇ ಪೆಟ್ಟಿಗೆಯಲ್ಲಿ ಮೊದಲ ಚಳಿಗಾಲ ಪೂರ್ತಿ ಪಾದರಸದ ಆವಿಯ ಬಲ್ಬನ್ನೂ, ಮರುವರ್ಷದ ಚಳಿಗಾಲ ಟಿ5 ಎಂಬ ತೆಳು ಫ್ಲೋರೆಸೆಂಟ್ ಟ್ಯೂಬು ಮತ್ತು ಹ್ಯಾಲೊಜನ್ ಜೋಡಿಯನ್ನೂ ಬಳಸಿ ನೋಡಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಲಿಕೆಗೆ ಮುನ್ನ ಈ ಪ್ರಾಣಿಗೆ ಬೇಕಾದದ್ದೇನು ಎಂಬುದನ್ನು ಹೇಳಬೇಕು. ನಮ್ಮ ಊರುಗಳ ಬೇಲಿಯ ಮೇಲೆ ತಲೆಯಾಡಿಸುತ್ತ ಬಿಸಿಲು ಕಾಯುವ ಓತಿಕ್ಯಾತವೂ ಈ ಡ್ರ್ಯಾಗನ್ನೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು; ಬೇಲಿಯ ಮೇಲಿನ ಆ ಓತಿಗೆ ಸಿಗುವ ಕಾವು ಮತ್ತು ನೇರಳಾತೀತ ಕಿರಣ ಎರಡೂ ಒಂದೇ ಕಡೆಯಿಂದ, ಮೇಲಿನಿಂದ, ಒಟ್ಟಿಗೆ ಬರುತ್ತವೆ. ನೇರಳಾತೀತ ಬಿ ಕಿರಣ ಚರ್ಮದಲ್ಲಿ ಡಿ3 ಜೀವಸತ್ವದ ಪೂರ್ವರೂಪವನ್ನು ಮಾಡುತ್ತದೆ, ಮೈಯ ಬಿಸಿ ಆ ಪೂರ್ವರೂಪವನ್ನು ಡಿ3 ಆಗಿ ಮಾರ್ಪಡಿಸುತ್ತದೆ. ಆದ್ದರಿಂದ ಕಿರಣವಿದ್ದು ಕಾವಿಲ್ಲದಿದ್ದರೂ, ಕಾವಿದ್ದು ಕಿರಣವಿಲ್ಲದಿದ್ದರೂ ಸುಣ್ಣದಂಶ ಮೈಗೆ ಹತ್ತದೆ ಮೂಳೆ ಮೆತ್ತಗಾಗುವ ಕಾಯಿಲೆ ಬರುತ್ತದೆ. ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 40ರಿಂದ 43 ಡಿಗ್ರಿ ಸೆಲ್ಸಿಯಸ್, ಪೆಟ್ಟಿಗೆಯ ಇನ್ನೊಂದು ತುದಿಯ ಗಾಳಿ 24ರಿಂದ 28 ಡಿಗ್ರಿ ಇರಬೇಕೆಂಬುದು ನಾನಿಟ್ಟುಕೊಂಡ ಗುರಿ. ಕಿರಣಕ್ಕೆ, ಫರ್ಗ್ಯೂಸನ್ ಮತ್ತು ಸಂಗಡಿಗರು ಕಾಡಿನ ಸರೀಸೃಪಗಳಿಗೆ ಸಿಗುವ ಕಿರಣವನ್ನು ಅಳೆದು 2010ರಲ್ಲಿ ಪ್ರಕಟಿಸಿದ, ಕಿರಣದ ಪ್ರಮಾಣಕ್ಕೆ ತಕ್ಕ ನಾಲ್ಕು ವಲಯಗಳ ಲೆಕ್ಕವನ್ನು ಸಾಕುವವರು ಅನುಸರಿಸುತ್ತಾರೆ. ಡ್ರ್ಯಾಗನ್ನನ್ನು ಮೂರನೆಯ ಅಥವಾ ನಾಲ್ಕನೆಯ ವಲಯಕ್ಕೆ ಸೇರಿಸುವುದು ರೂಢಿ. ನಾನು ಅದರ ಬೆನ್ನಿನ ಮಟ್ಟದಲ್ಲಿ ಯುವಿ (ನೇರಳಾತೀತ) ಸೂಚ್ಯಂಕ 4ರಿಂದ 5 ಇರಲಿ ಎಂದು ನಿರ್ಧರಿಸಿದೆ.

ಇದನ್ನು ಕಣ್ಣಿನಿಂದ ಅಳೆಯಲಾಗದು. ಬಲ್ಬಿನ ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಕೂರುವುದು ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯಂತೆಯೇ ಸರಿ. ಈ ಸೂಚ್ಯಂಕವನ್ನು ಅಳೆಯುವ ಸೋಲಾರ್‌ಮೀಟರ್ 6.5 ಎಂಬ ಉಪಕರಣಕ್ಕೆ ಆಗ ಇನ್ನೂರು ಪೌಂಡಿನ ಆಸುಪಾಸು ಬೆಲೆಯಿದ್ದುದರಿಂದ ಮೊದಲು ಪರಿಚಿತರೊಬ್ಬರಿಂದ ಎರವಲು ತಂದೆ, ಆಮೇಲೆ ಕೊಂಡುಕೊಂಡೆ. ಕಲ್ಲಿನ ಬಿಸಿ ನೋಡಲು ಅಡುಗೆಮನೆಯಲ್ಲೂ ಬಳಸುವ, ಮುಟ್ಟದೆಯೇ ಬಿಸಿ ಅಳೆಯುವ ಅವಕೆಂಪು ಗನ್ ಸಾಕಾಯಿತು.

ಪಾದರಸದ ಆವಿಯ 100 ವ್ಯಾಟ್ ಬಲ್ಬು ಬೆಳಕು, ಕಾವು, ನೇರಳಾತೀತ ಕಿರಣ ಮೂರನ್ನೂ ಒಂದೇ ಹೋಲ್ಡರಿನಿಂದ ಕೊಡುತ್ತದೆ. ಒಂದು ವೈರು, ಒಂದು ಟೈಮರ್. ಹೊಸಬರಿಗೆ ಇದಕ್ಕಿಂತ ಸುಲಭವಾದದ್ದು ಇನ್ನೇನು ಎಂದೇ ನಾನೂ ಕೊಂಡದ್ದು. ಬೆಳಕು ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಗುಂಡನ ಬಣ್ಣ ಆ ಬೆಳಕಿನಲ್ಲಿ ಕಾಣುವಷ್ಟು ಸೊಗಸಾಗಿ ಬೇರೆ ಯಾವುದರಲ್ಲೂ ಕಂಡಿಲ್ಲ. ತೊಂದರೆ ಎದುರಾದದ್ದು ಅಳೆಯತೊಡಗಿದ ಮೇಲೆ. ಬಲ್ಬಿನಿಂದ 30 ಸೆಂಟಿಮೀಟರ್ ಕೆಳಗೆ, ನಡುಮಧ್ಯದಲ್ಲಿ, ಸೂಚ್ಯಂಕ 6 ಇದ್ದರೆ ಪಕ್ಕಕ್ಕೆ ಒಂದು ಗೇಣು ಸರಿದೊಡನೆ 1.5ಕ್ಕೆ ಇಳಿಯುತ್ತಿತ್ತು. ಅದೇ ನಡುಮಧ್ಯದಲ್ಲಿ ಕಲ್ಲು 49 ಡಿಗ್ರಿ ಕಾದಿರುತ್ತಿತ್ತು. ಕಲ್ಲನ್ನು ಕೆಳಗಿಳಿಸಿದರೆ ಬಿಸಿ ಸರಿಹೋಗಿ ಕಿರಣ ಸಾಲದಾಗುತ್ತಿತ್ತು, ಮೇಲೇರಿಸಿದರೆ ಕಿರಣವೂ ಹೆಚ್ಚಿ ಓತಿಯ ಬೆನ್ನು ಸುಡುವಂತಾಗುತ್ತಿತ್ತು. ಒಂದೇ ಹಗ್ಗಕ್ಕೆ ಎರಡು ಕೊಡ ಕಟ್ಟಿ ಬಾವಿಯಿಂದ ಸೇದಲು ಹೊರಟಂತಾಯಿತು. ಈ ಜಾತಿಯ ಬಲ್ಬನ್ನು ಡಿಮ್ಮರಿಗಾಗಲಿ ಥರ್ಮೋಸ್ಟಾಟಿಗಾಗಲಿ ಜೋಡಿಸುವಂತಿಲ್ಲವಾದ್ದರಿಂದ ಬಿಸಿಯನ್ನಷ್ಟೇ ತಗ್ಗಿಸುವ ದಾರಿಯೂ ಇರಲಿಲ್ಲ. ಒಮ್ಮೆ ಅರೆಗಳಿಗೆ ಕರೆಂಟು ಹೋಗಿ ಬಂದಾಗ ಅದು ಆರಿದ್ದು, ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಕಾಲು ಗಂಟೆ ಹಿಡಿಯಿತು. ಐದನೆಯ ತಿಂಗಳಿನಲ್ಲಿ ಅದೇ ಜಾಗದಲ್ಲಿ ಅಳೆದರೆ 6 ಇದ್ದ ಸೂಚ್ಯಂಕ 3.2ಕ್ಕೆ ಬಂದಿತ್ತು, ಕಣ್ಣಿಗೆ ಮಾತ್ರ ಬೆಳಕು ಮೊದಲಿನಷ್ಟೇ ಪ್ರಖರವಾಗಿತ್ತು.

ಮರುವರ್ಷ ಕೆಲಸವನ್ನು ಇಬ್ಬರಿಗೆ ಹಂಚಿದೆ. ಕಿರಣಕ್ಕೆ ಆರ್ಕೇಡಿಯಾ ಕಂಪನಿಯ ಶೇ. 12 ನೇರಳಾತೀತ ಬಿ ಎಂದು ನಮೂದಿಸಿದ 39 ವ್ಯಾಟ್ ಟಿ5 ಟ್ಯೂಬು, ಅದರ ಬೆನ್ನಿಗೆ ರಿಫ್ಲೆಕ್ಟರ್. ಝೂ ಮೆಡ್ ಕಂಪನಿಯ ರೆಪ್ಟಿಸನ್ 10.0 ಟಿ5 ಕೂಡ ಇದೇ ಅಳತೆಯಲ್ಲಿ ಸಿಗುತ್ತದೆ. 85 ಸೆಂಟಿಮೀಟರಿನ ಈ ಟ್ಯೂಬನ್ನು ಬಿಸಿ ತುದಿಯ ಗೋಡೆಗೆ ತಾಗಿಸಿ ಛಾವಣಿಯ ಒಳಮೈಗೆ ತಿರುಪು ಹಾಕಿ ಕೂರಿಸಿದಾಗ, 36 ಸೆಂಟಿಮೀಟರ್ ಕೆಳಗಿರುವ ಗುಂಡನ ಬೆನ್ನಿನ ಮಟ್ಟದಲ್ಲಿ 4.6 ಬಂತು, ತಣ್ಣಗಿನ ತುದಿಯಲ್ಲಿ ಸೊನ್ನೆಯಾಯಿತು. ಮೂಗಿನಿಂದ ಬಾಲದ ಬುಡದವರೆಗೆ ಇಡೀ ಮೈ ಒಂದೇ ಪ್ರಮಾಣದ ಕಿರಣದಲ್ಲಿರುವುದು ಟ್ಯೂಬಿನಿಂದಷ್ಟೇ ಸಾಧ್ಯ. ಟ್ಯೂಬಿಗೂ ಓತಿಗೂ ನಡುವೆ ಸಣ್ಣ ಕಣ್ಣಿನ ಲೋಹದ ಜಾಲರಿಯನ್ನು ಹಿಡಿದು ಅಳೆದಾಗ 4.6 ಇದ್ದದ್ದು 3ಕ್ಕೆ ಕುಸಿಯಿತು. ಜಾಲರಿಯ ಮುಚ್ಚಳದ ಮೇಲೆ ಟ್ಯೂಬು ಇಡುವವರು ಈ ಕಡಿತವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಲ್ಲಿನ ಎತ್ತರ ಗೊತ್ತುಮಾಡಬೇಕು. ಗಾಜಿನ ಮೂಲಕವಂತೂ ನೇರಳಾತೀತ ಬಿ ಕಿರಣ ದಾಟುವುದೇ ಇಲ್ಲ. ಕಿಟಕಿಯ ಪಕ್ಕದಲ್ಲಿಟ್ಟಿದ್ದೇವೆ, ಬಿಸಿಲು ಬೀಳುತ್ತದೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಹನ್ನೊಂದನೆಯ ತಿಂಗಳಿನಲ್ಲಿ ಈ ಟ್ಯೂಬು 4.1 ತೋರಿಸುತ್ತಿತ್ತು.

ಕಾವಿಗೆ ಮೊದಲು 100 ವ್ಯಾಟಿನ ಒಂದೇ ಹ್ಯಾಲೊಜನ್ ಹಾಕಿದ್ದೆ. ಅವಕೆಂಪು ಗನ್ನನ್ನು ಗುಂಡನ ಮೈಮೇಲೆ ಸಾಲಾಗಿ ಹಿಡಿದು ನೋಡಿದಾಗ ಹೆಗಲ ನಡುವೆ 42 ಡಿಗ್ರಿ, ಸೊಂಟದ ಬಳಿ 31 ಡಿಗ್ರಿ ಇತ್ತು. ಒಲೆಯ ಮುಂದೆ ಕುಳಿತವನ ಮೊಣಕಾಲು ಸುಟ್ಟು ಬೆನ್ನು ನಡುಗಿದಂತೆ. ಅದನ್ನು ತೆಗೆದು 50 ವ್ಯಾಟಿನ ಎರಡನ್ನು ಅಂಗೈಯಗಲದ ಅಂತರದಲ್ಲಿ ಪಕ್ಕಪಕ್ಕ ಹಾಕಿದ ಮರುದಿನ ಬೆಳಿಗ್ಗೆ ಕಂಡದ್ದು ಇದು: ಗುಂಡ ತೆವಳಿಕೊಂಡು ಕಲ್ಲೇರಿ, ಪಕ್ಕೆಗಳನ್ನು ಹಪ್ಪಳದಂತೆ ಅಗಲಿಸಿ, ಬೆನ್ನಿನ ಬಣ್ಣವನ್ನು ಕಪ್ಪಾಗಿಸಿಕೊಂಡು ಅಲುಗಾಡದೆ ಮಲಗಿತು. ಇಪ್ಪತ್ತೈದು ನಿಮಿಷಗಳಲ್ಲಿ ಬಣ್ಣ ಮರಳುಗೆಂಪಿಗೆ ತಿರುಗಿತು, ಬಾಯಿ ಅರೆತೆರೆಯಿತು, ಆಮೇಲೆ ಇಳಿದು ನೇರವಾಗಿ ಸೊಪ್ಪಿನ ತಟ್ಟೆಗೆ ಹೋಯಿತು. ಹಿಂದಿನ ಚಳಿಗಾಲದಲ್ಲಿ ಅದು ಮಧ್ಯಾಹ್ನದವರೆಗೂ ಕಲ್ಲಿನ ಮೇಲೆಯೇ ದಿಕ್ಕು ಬದಲಿಸುತ್ತ ಕೂರುತ್ತಿತ್ತು. ಹ್ಯಾಲೊಜನ್ನಿಗೆ, ಬಿಸಿ ನೋಡಿ ಬಲ್ಬಿನ ಉರಿಯನ್ನು ಏರಿಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್ ಹೊಂದುವುದರಿಂದ ಕಲ್ಲು 41–42 ಡಿಗ್ರಿಯ ಸುತ್ತಲೇ ನಿಲ್ಲುತ್ತದೆ, ಕಿರಣ ತನ್ನ ಪಾಡಿಗೆ ತಾನಿರುತ್ತದೆ.

ಈ ಜೋಡಿಗೂ ಕೊರತೆಗಳಿವೆ. ನನ್ನ ಪ್ಲಗ್ ಮೀಟರಿನ ಪ್ರಕಾರ ಹನ್ನೆರಡು ಗಂಟೆಗಳ ಅವಧಿಯಲ್ಲಿ ಒಂಟಿ ಬಲ್ಬು 1.2 ಯೂನಿಟ್ ಬಳಸಿದರೆ ಜೋಡಿಯು 1.4 ಯೂನಿಟ್ ಬಳಸಿತು. ಥರ್ಮೋಸ್ಟಾಟ್, ಟ್ಯೂಬಿನ ಪಟ್ಟಿ, ಎರಡು ಹೋಲ್ಡರ್, ಮೈ ತಾಗದಂತೆ ತಂತಿಯ ಪಂಜರ ಎಂದು ಮೊದಲ ಖರ್ಚು ಎರಡರಷ್ಟಾಯಿತು. ಹ್ಯಾಲೊಜನ್ನುಗಳು ಹೇಳದೆ ಕೇಳದೆ ಸುಟ್ಟುಹೋಗುತ್ತವೆ. ಬ್ರಿಟನ್ನಿನಲ್ಲಿ ಮನೆಬಳಕೆಯ ಹ್ಯಾಲೊಜನ್ ಹಂತಹಂತವಾಗಿ ಮಾರುಕಟ್ಟೆಯಿಂದ ಹೊರಹೋಗಿರುವುದರಿಂದ ಸರೀಸೃಪಗಳಿಗೆಂದೇ ಮಾರುವುದನ್ನು ಹೆಚ್ಚು ಬೆಲೆಗೆ ಕೊಳ್ಳಬೇಕಾಗುತ್ತದೆ. ಇಷ್ಟಿದ್ದರೂ ನನ್ನ ಮತ ಜೋಡಿಗೇ.

ಸುರುಳಿಯಾಕಾರದ ಸಣ್ಣ ಯುವಿ ಬಲ್ಬಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯವರ ಮಾತಿಗೆ ಒಮ್ಮೆ ತಂದು ಹಾಕಿದೆ. ಎರಡು ಗೇಣು ದೂರದಲ್ಲಿ ಮೀಟರ್ 0.7 ತೋರಿಸಿತು, ಹತ್ತಿರ ತಂದಾಗ ಗುಂಡ ಒಂದು ಕಣ್ಣು ಮುಚ್ಚಿಕೊಂಡು ಕೂರತೊಡಗಿತು, ಮೂರನೆಯ ದಿನ ತೆಗೆದುಬಿಟ್ಟೆ.

ರಾತ್ರಿಯದು ಬೇರೆಯೇ ಲೆಕ್ಕ. ಈ ಪ್ರಾಣಿಗೆ ರಾತ್ರಿ ತಂಪಿರಬೇಕು, ಕತ್ತಲಿರಬೇಕು. ಅದು ಕೆಂಪು ಬಣ್ಣವನ್ನೂ ಕಾಣಬಲ್ಲುದರಿಂದ ಕೆಂಪು ಬಲ್ಬು ನಿದ್ದೆ ಕೆಡಿಸುತ್ತದೆ. ಆದರೆ ನಮ್ಮ ಕೋಣೆ ಜನವರಿಯಲ್ಲಿ 14 ಡಿಗ್ರಿಗೆ ಇಳಿಯುತ್ತದೆ, ನನಗೆ 18ಕ್ಕಿಂತ ಕೆಳಗೆ ಬಿಡಲು ಮನಸ್ಸಿಲ್ಲ. ಬೆಳಕಿಲ್ಲದ 100 ವ್ಯಾಟ್ ಸೆರಾಮಿಕ್ ಹೀಟರನ್ನೂ, 80 ವ್ಯಾಟಿನ ಡೀಪ್ ಹೀಟ್ ಪ್ರೊಜೆಕ್ಟರನ್ನೂ ತಲಾ ಮೂರು ವಾರ ಹಾಕಿ ನೋಡಿದೆ. ಪ್ರೊಜೆಕ್ಟರಿನ ಕಾವು ಹ್ಯಾಲೊಜನ್ನಿನಷ್ಟಲ್ಲದಿದ್ದರೂ ಸ್ವಲ್ಪ ಮೈಯೊಳಗೆ ಇಳಿಯುವಂಥದ್ದು, ಸೆರಾಮಿಕ್ಕಿನದು ಚರ್ಮ ಮತ್ತು ಸುತ್ತಲಿನ ವಸ್ತುಗಳ ಮೇಲ್ಮೈಯಲ್ಲೇ ನಿಲ್ಲುವಂಥದ್ದು. ಆದರೆ ರಾತ್ರಿ ಬೇಕಿರುವುದು ಪೆಟ್ಟಿಗೆಯ ಗಾಳಿ ತೀರ ತಣಿಯದಿರುವುದಷ್ಟೇ, ಮಲಗಿದ ಓತಿಯ ಬೆನ್ನು ಕಾಯಿಸುವುದಲ್ಲ. ಅದಕ್ಕೆ ಅಗ್ಗದ ಸೆರಾಮಿಕ್ಕೇ ಸಾಕು. ಪಂಜರವಿಲ್ಲದೆ ಮಾತ್ರ ಹಾಕಬಾರದು. ಅದು ಕಾದಿದೆಯೆಂದು ತೋರಿಸುವ ಬೆಳಕೇ ಇಲ್ಲದ್ದರಿಂದ ನನ್ನ ಹೆಬ್ಬೆರಳಿನ ಮೇಲೆ ಒಂದು ಬೊಬ್ಬೆ ಎದ್ದಿತ್ತು. ಪ್ರೊಜೆಕ್ಟರನ್ನು ಈಗ ಕಪಾಟಿನಲ್ಲಿಟ್ಟಿದ್ದೇನೆ. ಹ್ಯಾಲೊಜನ್ ಭಾನುವಾರ ಸುಟ್ಟುಹೋಗಿ ಅಂಗಡಿ ಮುಚ್ಚಿರುವಾಗ ಅದು ಹಗಲಿನ ಕೆಲಸಕ್ಕೆ ಬರುತ್ತದೆ.