ಎಂಒಟಿಗೆ ಹೊರರಾಜ್ಯಕ್ಕೆ ಹೊರಟವರು ಹಣ ಕಟ್ಟುವ ಮೊದಲು ಓದಿ

ಬಿಒಟಿ (ಆಕ್ಯುಪೇಷನಲ್ ಥೆರಪಿಯ ಪದವಿ) ಮುಗಿಸಿ ಎಂಒಟಿಗೆ (ಅದೇ ವಿಷಯದ ಸ್ನಾತಕೋತ್ತರ ಪದವಿಗೆ) ಬೇರೆ ರಾಜ್ಯದ ಕಾಲೇಜು ಹುಡುಕುತ್ತಿರುವ ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಫಿಸಿಯೊಥೆರಪಿ ಎಂದರೆ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಆಕ್ಯುಪೇಷನಲ್ ಥೆರಪಿ, ಅಂದರೆ ಕಾಯಿಲೆ, ಪೆಟ್ಟುಗಳಿಂದ ನಿಂತುಹೋದ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಚಿಕಿತ್ಸೆ, ಎಂದರೆ ‘ಅದೂ ಅದೇ ಅಲ್ಲವೇ’ ಎನ್ನುತ್ತಾರೆ. ತಿಳಿದು ಹೇಳುವವರು ಇಲ್ಲದಿರುವುದೇ ಏಜೆಂಟರ ಬಂಡವಾಳ. ವಿಜಯಪುರದ ನಮ್ಮ ಮನೆಗೆ ಬಂದವನು ತಮಿಳುನಾಡಿನ ಒಂದು ಖಾಸಗಿ ಕಾಲೇಜಿನ ಬಣ್ಣದ ಪುಸ್ತಿಕೆಯನ್ನು ಹರವಿ, ‘ವಿಶ್ವ ಒಕ್ಕೂಟದ ಮಾನ್ಯತೆ ಇದೆ, ವಿದೇಶಕ್ಕೆ ನೇರ ದಾರಿ’ ಎಂದ. ಅಪ್ಪನಿಗೆ ಅಷ್ಟು ಸಾಕಾಯಿತು.

ಆ ಮಾನ್ಯತೆಯ ಮಾತನ್ನು ಬಿಡಿಸಿ ನೋಡೋಣ. ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ, ಅಂದರೆ ಡಬ್ಲ್ಯುಎಫ್‌ಒಟಿ, ಒಪ್ಪಿಗೆ ಕೊಡುವುದು ವೃತ್ತಿಗೆ ಕಾಲಿಡಲು ಬೇಕಾದ ಮೊದಲ ಪದವಿಗೆ. ನಮ್ಮಲ್ಲಿ ಅದು ಬಿಒಟಿ. ರೋಗಿಗಳ ನಡುವೆ ಕನಿಷ್ಠ 1000 ಗಂಟೆಗಳ ಅಭ್ಯಾಸ ಇರಬೇಕೆಂಬ ಅದರ ನಿಯಮವೂ ಆ ಪದವಿಗೆ ಸಂಬಂಧಿಸಿದ್ದು. ಅದೇ ಮುದ್ರೆಯನ್ನು ಎಂಒಟಿಯ ಬೆನ್ನಿಗೆ ಅಂಟಿಸಿ ಮಾರುವುದಕ್ಕೆ ನಾನಂತೂ ಮೋಸ ಎಂದೇ ಹೇಳುತ್ತೇನೆ. ದೇಶದ ಒಳಗೆ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘ ಇದೆ. ಅದು ಬಿಒಟಿ, ಎಂಒಟಿ ಕೋರ್ಸುಗಳನ್ನು ಬೇರೆ ಬೇರೆಯಾಗಿಯೇ ನೋಡಿ, ನಿಗದಿತ ಅವಧಿಗೆ ಮಾನ್ಯತೆ ಕೊಡುತ್ತದೆ. ನಾನು ಸೇರಿದ ಕಾಲೇಜಿನ ಬಿಒಟಿಗೆ ಅದು ಇತ್ತು, ಎಂಒಟಿಗೆ ಇರಲಿಲ್ಲ. ಪುಸ್ತಿಕೆಯಲ್ಲಿ ಎರಡಕ್ಕೂ ಸೇರಿಸಿ ಒಂದೇ ಸಾಲು.

ಕಾಗದ ಹಾಗಿರಲಿ, ರೋಗಿಗಳಾದರೂ ಇದ್ದಾರೆಯೇ? ನಾನು ಆರಿಸಿಕೊಂಡದ್ದು ಕೈಗಳ ಪುನಶ್ಚೇತನ. ಸುಟ್ಟ ಗಾಯ, ಕತ್ತರಿಸಿದ ಸ್ನಾಯುರಜ್ಜು, ನರಗಳ ಪೆಟ್ಟು, ಇವು ದಿನವೂ ಕೈಗೆ ಸಿಗದಿದ್ದರೆ ಈ ವಿಷಯವನ್ನು ಓದಿಯೂ ಓದದಂತೆ. ಅಲ್ಲಿ ಇಂಥ ರೋಗಿಗಳು ಬರುವ ಪ್ಲಾಸ್ಟಿಕ್ ಸರ್ಜರಿ ವಿಭಾಗವೇ ಇರಲಿಲ್ಲ. ಸ್ಪ್ಲಿಂಟ್ (ಕೈಗೆ ಆಧಾರವಾಗಿ ಕಟ್ಟುವ ಪಟ್ಟಿ) ಮಾಡುವ ಕೋಣೆಗೆ ಬೀಗ; ಅದಕ್ಕೆ ಬೇಕಾದ, ಬಿಸಿ ಮಾಡಿದರೆ ಬಾಗುವ ಥರ್ಮೋಪ್ಲಾಸ್ಟಿಕ್ ಹಾಳೆಗಳು ದುಬಾರಿಯೆಂದು ಅವನ್ನು ತಪಾಸಣೆಯ ದಿನಕ್ಕೆ ಎತ್ತಿಟ್ಟಿದ್ದರು. ಮಾರ್ಗದರ್ಶಕರೆಂದು ಹೆಸರು ತೋರಿಸಿದ್ದ ಪ್ರಾಧ್ಯಾಪಕರು ನಾನು ಸೇರುವ ಮೊದಲೇ ಕೆಲಸ ಬಿಟ್ಟಿದ್ದರು. ನಮ್ಮನ್ನು ಆಡಳಿತ ಮಂಡಳಿಯ ಮಕ್ಕಳ ಥೆರಪಿ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಪೋಷಕರಿಂದ ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವ ಜಾಗ ಅದು, ನಮಗೆ ಸ್ಟೈಪೆಂಡ್ ಇಲ್ಲ. ‘ಅನುಭವ ಆಗುತ್ತದಲ್ಲ’ ಎಂಬ ಉತ್ತರ ಯಾವಾಗಲೂ ಸಿದ್ಧವಾಗಿರುತ್ತಿತ್ತು.

ಭಾಷೆಯ ವಿಷಯವನ್ನು ಯಾರೂ ಹೇಳುವುದಿಲ್ಲ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮ ಚಿಕಿತ್ಸೆ ಶುರುವಾಗುವುದೇ ‘ನಿಮ್ಮ ದಿನ ಹೇಗೆ ಕಳೆಯುತ್ತದೆ’ ಎಂಬ ಪ್ರಶ್ನೆಯಿಂದ. ಲಕ್ವಾ ಹೊಡೆದ ಹೆಂಗಸು ನಮ್ಮೂರಿನವಳಾದರೆ, ಜೋಳದ ಹಿಟ್ಟನ್ನು ನಾದುವಾಗ ಅಂಗೈ ಎಷ್ಟು ಒತ್ತಬೇಕು, ರೊಟ್ಟಿ ಬಡಿಯುವಾಗ ಎರಡು ಕೈಗಳು ಹೇಗೆ ಜೊತೆಗೂಡಬೇಕು, ಒಲೆಯ ಮುಂದೆ ಕುಳಿತು ಏಳುವಾಗ ಸೊಂಟ ತಡೆಯುತ್ತದೆಯೇ ಎಂದು ಅವಳ ಮಾತಿನಲ್ಲೇ ಕೇಳಿ, ಅದನ್ನೇ ಅಭ್ಯಾಸವಾಗಿ ಮಾಡಿಸಬಹುದು. ಅಲ್ಲಿ ನಾನು ರೋಗಿಯ ಎದುರು ಮೂಕಿಯಾಗಿ ನಿಂತೆ. ಜೂನಿಯರ್ ಒಬ್ಬಳು ಅನುವಾದಿಸಿದರೆ ಅಜ್ಜ ಹೇಳಿದ ಹತ್ತು ಮಾತು ಎರಡಾಗಿ ಬರುತ್ತಿತ್ತು. ಸೊಲ್ಲಾಪುರ, ಮೀರಜ್ ಕಡೆಯಾಗಿದ್ದರೆ ನಮ್ಮ ಅರೆಬರೆ ಮರಾಠಿಯಾದರೂ ಕೈ ಹಿಡಿಯುತ್ತಿತ್ತು. ತಮಿಳು ಕಲಿಯಲಾರದ ಭಾಷೆಯೇನಲ್ಲ. ಆದರೆ ಎಂಒಟಿ ಇರುವುದೇ ಎರಡು ವರ್ಷ, ಮೊದಲ ವರ್ಷವೆಲ್ಲ ಅದಕ್ಕೇ ಹೋದರೆ ಸಂಶೋಧನಾ ಪ್ರಬಂಧಕ್ಕೆ ರೋಗಿಗಳನ್ನು ಸೇರಿಸುವುದು ಯಾವಾಗ? ಅಂದ ಹಾಗೆ, ಏಜೆಂಟನಿಗೆ ಇದನ್ನು ಮೊದಲೇ ಕೇಳಿದ್ದೆವು. ‘ಎಲ್ಲರೂ ಇಂಗ್ಲಿಷ್ ಮಾತನಾಡುತ್ತಾರೆ’ ಎಂದಿದ್ದ. ಯಾವ ರೋಗಿಗಳನ್ನು ನೋಡಿ ಹೇಳಿದ್ದನೋ!

ಹೋಗುವುದೇ ಆದರೆ ಈಗ ಅಲ್ಲಿ ಎರಡನೇ ವರ್ಷದಲ್ಲಿ ಓದುತ್ತಿರುವ, ಆ ಭಾಷೆ ಬಾರದ ವಿದ್ಯಾರ್ಥಿಯೊಬ್ಬರನ್ನು ಹುಡುಕಿ ಮಾತನಾಡಿ. ಕಾಲೇಜು ಕೊಡುವ ನಂಬರು ಬೇಡ. ಕಳೆದ ವಾರ ಯಾವ ಯಾವ ರೋಗಿಗಳನ್ನು ನೋಡಿದಿರಿ, ನಿಮ್ಮ ಮಾರ್ಗದರ್ಶಕರು ಯಾರು ಎಂದು ಕೇಳಿ. ತಡವರಿಸಿದರೆ ಮುಂದೆ ಕೇಳುವುದೇನೂ ಉಳಿಯುವುದಿಲ್ಲ. 2021ರ ಕಾಯ್ದೆಯಿಂದ ನಮ್ಮ ವೃತ್ತಿಯೂ ಅಲೈಡ್ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕೆಳಗೆ ಬಂದಿದೆ. ಆದ್ದರಿಂದ ಓದಿ ಬಂದ ಮೇಲೆ ಕರ್ನಾಟಕದಲ್ಲಿ ನೋಂದಣಿಗೆ ಯಾವ ದಾಖಲೆ ಬೇಕೆಂದು ಹೋಗುವ ಮೊದಲೇ ವಿಚಾರಿಸಿಕೊಳ್ಳಿ.

ಬಿಟ್ಟು ಬರುತ್ತೇನೆಂದಾಗ ಕಾಲೇಜಿನವರು ನನ್ನ ಮೂಲ ಅಂಕಪಟ್ಟಿಗಳನ್ನು ಹಿಡಿದುಕೊಂಡು, ಎರಡನೇ ವರ್ಷದ ಶುಲ್ಕವನ್ನೂ ಕಟ್ಟಿದರೆ ಕೊಡುತ್ತೇವೆ ಎಂದರು. ಮೂಲ ದಾಖಲೆಗಳನ್ನು ಪರಿಶೀಲಿಸಿ ಕೂಡಲೇ ಹಿಂತಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2016ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿಯನ್ನು ಲಗತ್ತಿಸಿ ಅಪ್ಪ ಕಾಲೇಜಿಗೂ ವಿಶ್ವವಿದ್ಯಾಲಯದ ಕುಲಸಚಿವರಿಗೂ ರಿಜಿಸ್ಟರ್ಡ್ ಪತ್ರ ಬರೆದ ಮೇಲೆ ಅಂಕಪಟ್ಟಿಗಳು ಅಂಚೆಯಲ್ಲಿ ಬಂದವು. ಶುಲ್ಕದ ದಾರಿ ಮುಚ್ಚಿತ್ತು: ಯುಜಿಸಿಯ 2018ರ ನಿಯಮದ ಪ್ರಕಾರ ಪ್ರವೇಶದ ಕೊನೆಯ ದಿನಾಂಕದಿಂದ 30 ದಿನ ದಾಟಿದರೆ ವಾಪಸು ಸಿಗುವುದು ಸೊನ್ನೆ. ಹಾಸ್ಟೆಲ್ಲಿನ ಠೇವಣಿಯನ್ನು ಮಾತ್ರ ಇನ್ನೂ ಕೇಳುತ್ತಲೇ ಇದ್ದೇವೆ.